ಕೂದಲು ಕಸಿಯ ಖರ್ಚು: ಎಫ್‌ಯುಟಿ, ಎಫ್‌ಯುಇ, ಡಿಎಚ್‌ಐ ದರಪಟ್ಟಿಗಳನ್ನು ಓದುವ ಬಗೆ

ಕಳೆದ ವರ್ಷ ಆಷಾಢ ಕಳೆದ ಮೇಲೆ ಮಂಡ್ಯದಿಂದ ಬಂದ ನನ್ನ ಅಕ್ಕನ ಮಗ, ನಾಲ್ಕು ಕಡೆಯ ದರಪಟ್ಟಿಗಳನ್ನು ನಮ್ಮ ಮನೆಯ ಮೇಜಿನ ಮೇಲೆ ಹರಡಿ, "ಮಾವ, ಇದರಲ್ಲಿ ಯಾವುದಕ್ಕೆ ಹೋಗಲಿ, ನೀವೇ ನೋಡಿ ಹೇಳಿ" ಎಂದ. ಅವನಿಗೆ 29 ವರ್ಷ. ಹಣೆಯ ಎರಡೂ ಪಕ್ಕಗಳಲ್ಲಿ ಕೂದಲು ಹಿಂದಕ್ಕೆ ಸರಿದಿದೆ. ನೆತ್ತಿ ಮತ್ತು ಹಿಂದಲೆ ಇನ್ನೂ ದಟ್ಟವಾಗಿವೆ. ಒಂದೇ ತಲೆಯನ್ನು ನೋಡಿದವರು ಬೇರೆ ಬೇರೆ ಲೆಕ್ಕ ಬರೆದುಕೊಟ್ಟಿದ್ದರು. ಮೈಸೂರಿನ ಒಂದು ಕ್ಲಿನಿಕ್‌ ಎಫ್‌ಯುಇ (ಒಂದೊಂದಾಗಿ ಕೊರೆದು ತೆಗೆಯುವ) ವಿಧಾನದಲ್ಲಿ 3,000 ಗ್ರಾಫ್ಟ್‌ (ನೆಡಲು ಬೇರುಸಹಿತ ತೆಗೆದ ಕೂದಲ ಗುಂಪು), ಒಂದಕ್ಕೆ 30 ರೂಪಾಯಿ ಎಂದಿತ್ತು. ಮೈಸೂರಿನದೇ ಇನ್ನೊಂದು, ಅದೇ ವಿಧಾನದಲ್ಲಿ 2,200 ಗ್ರಾಫ್ಟ್‌ ಸಾಕು, ಒಂದಕ್ಕೆ 45 ಎಂದಿತ್ತು. ಬೆಂಗಳೂರಿನ ಒಬ್ಬ ಸರ್ಜನ್‌ ಚರ್ಮದ ಪಟ್ಟಿ ತೆಗೆದು ಬಿಡಿಸುವ ಎಫ್‌ಯುಟಿಯಲ್ಲಿ 2,200 ಗ್ರಾಫ್ಟ್‌ಗೆ ತಲಾ 35 ಕೇಳಿದ್ದರು. ಬೆಂಗಳೂರಿನದೇ ಮತ್ತೊಂದು ಕ್ಲಿನಿಕ್‌ ಪೆನ್ನಿನಂಥ ಉಪಕರಣದಿಂದ ನೆಡುವ ಡಿಎಚ್‌ಐ ಹೆಸರಿನಲ್ಲಿ 2,000 ಗ್ರಾಫ್ಟ್‌ಗೆ ತಲಾ 80 ಹಾಕಿತ್ತು.

ಈ ಪ್ರಶ್ನೆಯನ್ನು ಅವನು ನನ್ನ ಬಳಿ ತಂದದ್ದಕ್ಕೆ ಕಾರಣವಿದೆ. ಎಂಟು ವರ್ಷಗಳ ಹಿಂದೆ ನಾನೂ ಕೂದಲು ಕಸಿ ಮಾಡಿಸಿಕೊಂಡೆ, ಮತ್ತು ಗ್ರಾಫ್ಟ್‌ ಒಂದರ ದರ ಎಲ್ಲಿ ಕಡಿಮೆಯೋ ಅಲ್ಲಿಗೆ ಹೋದೆ. ಮುಂದೆ ಕೂದಲು ಬಂದದ್ದು ನಿರೀಕ್ಷೆಯ ಅರ್ಧದಷ್ಟು. ಹಿಂದಲೆಯಲ್ಲಿ ಬೇರುಗಳನ್ನು ಒತ್ತೊತ್ತಾಗಿ ಕಿತ್ತಿದ್ದರಿಂದ ಈಗಲೂ ಕೂದಲು ಸಣ್ಣಗೆ ಕತ್ತರಿಸಿದಾಗ ಅಲ್ಲಲ್ಲಿ ತಲೆಚರ್ಮ ಕಾಣುತ್ತದೆ. ಎರಡನೆಯ ಸಲ ಸರಿಪಡಿಸೋಣವೆಂದು ಬೇರೊಬ್ಬ ವೈದ್ಯರ ಬಳಿ ಹೋದಾಗ, ತೆಗೆಯಲು ಹಿಂದೆ ಹೆಚ್ಚೇನೂ ಉಳಿದಿಲ್ಲ ಎಂದು ಅವರು ಹೇಳಿದರು. ಆದ್ದರಿಂದ ದರಪಟ್ಟಿಯ ಕೊನೆಯ ಸಾಲಿಗಿಂತ ಮೊದಲು ಯಾವ ಸಾಲುಗಳನ್ನು ಓದಬೇಕು ಎಂಬುದನ್ನು ಅವನಿಗೆ ಹೇಳಿದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗ್ರಾಫ್ಟ್‌ ಎಂದರೇನು ಎಂಬುದು ಸ್ಪಷ್ಟವಾಗಬೇಕು. ತಲೆಚರ್ಮದಲ್ಲಿ ಎಲ್ಲ ಕೂದಲೂ ಒಂದೊಂದಾಗಿ ಹುಟ್ಟುವುದಿಲ್ಲ. ಒಂದರಿಂದ ನಾಲ್ಕು ಎಳೆಗಳು ಒಂದೇ ಗುಂಪಾಗಿ, ಒಂದೇ ರಂಧ್ರದಿಂದ ಬಂದಂತೆ ಬೆಳೆಯುತ್ತವೆ. ಈ ಗುಂಪನ್ನು ಬೇರುಸಹಿತ ತೆಗೆದರೆ ಅದೇ ಒಂದು ಗ್ರಾಫ್ಟ್‌. ಸರಾಸರಿ ಒಂದು ಗ್ರಾಫ್ಟ್‌ನಲ್ಲಿ ಎರಡು ಎಳೆಗಳಿರುತ್ತವೆ ಎಂದು ಲೆಕ್ಕ ಹಿಡಿಯುವುದು ವಾಡಿಕೆ. ಕೆಲವರು ದರವನ್ನು ಗ್ರಾಫ್ಟ್‌ಗೆ ಹೇಳದೆ ಕೂದಲ ಎಳೆಗೆ ಹೇಳುತ್ತಾರೆ. ಎಳೆಗೆ 20 ರೂಪಾಯಿ ಎಂದರೆ ಗ್ರಾಫ್ಟ್‌ಗೆ ಸುಮಾರು 40 ಆಯಿತು. ಇನ್ನು ಕೆಲವೆಡೆ ಎರಡು ಎಳೆಯ ಗ್ರಾಫ್ಟನ್ನು ಸೀಳಿ ಎರಡು ಒಂಟಿ ಎಳೆಗಳನ್ನಾಗಿ ಎಣಿಸಿದರೆ ಸಂಖ್ಯೆ ಹಿಗ್ಗುತ್ತದೆ, ಬಿಲ್ಲೂ ಹಿಗ್ಗುತ್ತದೆ, ತಲೆಯ ಮೇಲಿನ ಕೂದಲು ಮಾತ್ರ ಅಷ್ಟೇ ಇರುತ್ತದೆ. ಹಣೆಯ ಅಂಚಿನ ಮೊದಲ ಸಾಲುಗಳಿಗೆ ಒಂಟಿ ಎಳೆಗಳು ಬೇಕೇ ಬೇಕು, ಏಕೆಂದರೆ ಅಲ್ಲಿ ಗುಂಪು ನೆಟ್ಟರೆ ಗೊಂಬೆಯ ತಲೆಯಂತೆ ಕಾಣುತ್ತದೆ. ಅದರ ಹಿಂದಿನ ಭಾಗಕ್ಕೆ ಸೀಳುವ ಅಗತ್ಯವಿಲ್ಲ. ಒಂದು, ಎರಡು, ಮೂರು ಎಳೆಗಳ ಗ್ರಾಫ್ಟ್‌ಗಳು ತಲಾ ಎಷ್ಟು ಎಂದು ಶಸ್ತ್ರಚಿಕಿತ್ಸೆಯ ದಿನ ಬರೆದುಕೊಡುವಿರಾ ಎಂದು ಕೇಳಿ. ಬರೆದುಕೊಡುತ್ತೇವೆ ಎನ್ನುವವರ ದರ ಐದು ರೂಪಾಯಿ ಹೆಚ್ಚಿದ್ದರೂ ನಾನು ಅವರ ಕಡೆಗೇ ವಾಲುತ್ತೇನೆ.

ಎರಡನೆಯದು ಹಿಂದಲೆಯ ಸಂಗ್ರಹ. ಗಂಡಸರ ಸಾಮಾನ್ಯ ಬೋಳಿನಲ್ಲಿ ಮುಂದಲೆ ಮತ್ತು ನೆತ್ತಿಯ ಬೇರುಗಳು ಡಿಎಚ್‌ಟಿ ಎಂಬ ಹಾರ್ಮೋನಿನ ಪ್ರಭಾವಕ್ಕೆ ಸಿಲುಕಿ ಸೊರಗುತ್ತವೆ. ಕಿವಿಯ ಮೇಲಿನಿಂದ ಹಿಂದಲೆಯ ಸುತ್ತ ಹೋಗುವ ಪಟ್ಟಿಯ ಬೇರುಗಳು ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಆ ಬೇರನ್ನು ಎಲ್ಲಿ ನೆಟ್ಟರೂ ಅದು ತನ್ನ ಮೂಲಗುಣವನ್ನೇ ಉಳಿಸಿಕೊಳ್ಳುತ್ತದೆ ಎಂಬುದನ್ನು ನ್ಯೂಯಾರ್ಕಿನ ವೈದ್ಯ ನಾರ್ಮನ್‌ ಓರೆಂಟ್ರೈಕ್‌ 1959ರಲ್ಲಿ ಪ್ರಕಟಿಸಿದರು, ಮತ್ತು ಇಂದಿನ ಎಲ್ಲ ವಿಧಾನಗಳೂ ನಿಂತಿರುವುದು ಆ ಒಂದು ಗುಣದ ಮೇಲೆ. ಆದರೆ ಆ ಪಟ್ಟಿಯಲ್ಲಿ ಬೋಳು ಕಾಣದಂತೆ ತೆಗೆಯಬಹುದಾದ ಗ್ರಾಫ್ಟ್‌ಗಳು ಜೀವಮಾನಕ್ಕೆ ಅಂದಾಜು 4,000ದಿಂದ 6,000. ದಟ್ಟಣೆ ಕಡಿಮೆ ಇರುವವರಿಗೆ ಇನ್ನೂ ಕಡಿಮೆ. ಮಂಡ್ಯದವನಾದ ಅವನಿಗೆ ಭತ್ತದ ಒಟ್ಲನ್ನು ನೆನಪಿಸಿ ಹೇಳಿದೆ: ಒಟ್ಲಿನಿಂದ ಕಿತ್ತ ಪೈರು ಗದ್ದೆಯಲ್ಲಿ ಬೇರುಬಿಟ್ಟರೆ ಸರಿ, ಬಿಡದೆ ಒಣಗಿದರೆ ಮತ್ತೆ ಒಟ್ಲು ಹಾಕಬಹುದು, ಹಿಂದಲೆಯಲ್ಲಿ ಕಿತ್ತ ಜಾಗದಲ್ಲಿ ಮತ್ತೆ ಹುಟ್ಟುವುದಿಲ್ಲ.

ವಿಧಾನಗಳು ಮತ್ತು ಅವುಗಳ ದರ ಹೆಚ್ಚು ಕಡಿಮೆಯಾಗುವ ಕಾರಣಗಳು

ಎಫ್‌ಯುಟಿಯನ್ನು ಪಟ್ಟಿ ವಿಧಾನ ಎಂದೂ ಕರೆಯುತ್ತಾರೆ. ಹಿಂದಲೆಯಿಂದ ಸುಮಾರು ಒಂದೂವರೆ ಸೆಂಟಿಮೀಟರಿನೊಳಗಿನ ಅಗಲದ, ಅಗತ್ಯಕ್ಕೆ ತಕ್ಕ ಉದ್ದದ ಚರ್ಮದ ಪಟ್ಟಿಯೊಂದನ್ನು ತೆಗೆದು, ಗಾಯವನ್ನು ಹೊಲಿದು, ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಗ್ರಾಫ್ಟ್‌ಗಳಾಗಿ ಬಿಡಿಸುತ್ತಾರೆ. ಬೇರನ್ನು ಕಣ್ಣಾರೆ ನೋಡಿ ಬಿಡಿಸುವುದರಿಂದ ಅದು ತುಂಡಾಗುವ ಸಂಭವ ಕಡಿಮೆ, ಸುತ್ತಲಿನ ಕೊಬ್ಬಿನ ಪದರ ಉಳಿದುಕೊಳ್ಳುವುದರಿಂದ ಗ್ರಾಫ್ಟ್‌ ಗಟ್ಟಿಯಾಗಿರುತ್ತದೆ. ಸರ್ಜನ್‌ ಕೈಯಿಂದ ಒಂದೊಂದನ್ನೂ ಕೊರೆಯಬೇಕಿಲ್ಲದ ಕಾರಣ ಅವರ ಸಮಯ ಉಳಿಯುತ್ತದೆ. ಅದಕ್ಕೇ ದರ ಇಳಿಯುತ್ತದೆ. ಬದಲಿಗೆ ಹಿಂದಲೆಯಲ್ಲಿ ಕಿವಿಯಿಂದ ಕಿವಿಯ ಕಡೆಗೆ ಒಂದು ಗೆರೆ ಶಾಶ್ವತವಾಗಿ ಉಳಿಯುತ್ತದೆ, ಹೊಲಿಗೆ ಬಿಚ್ಚಿಸಲು 10ರಿಂದ 14 ದಿನಗಳ ನಂತರ ಮತ್ತೆ ಹೋಗಬೇಕು, ಮತ್ತು ಕತ್ತು ಬಗ್ಗಿಸಿ ಭಾರ ಎತ್ತುವ ಕೆಲಸವನ್ನು ಕೆಲವು ವಾರ ನಿಲ್ಲಿಸದಿದ್ದರೆ ಗೆರೆ ಅಗಲವಾಗುತ್ತದೆ. ಕಬ್ಬಿನ ಹೊರೆ ಹೊರುವವರಿಗೆ, ಚೀಲ ಎತ್ತುವವರಿಗೆ ಈ ವಾರಗಳ ಕೂಲಿಯೂ ಚಿಕಿತ್ಸೆಯ ಖರ್ಚೇ.

ನಮ್ಮ ಕಡೆ ಈ ಗೆರೆಗೆ ಇನ್ನೊಂದು ತೂಕವಿದೆ, ಅದನ್ನು ಯಾವ ಕ್ಲಿನಿಕ್ಕಿನವರೂ ಕೇಳಿದ್ದು ನಾನು ಕಂಡಿಲ್ಲ. ಮಲೆ ಮಹದೇಶ್ವರ ಬೆಟ್ಟಕ್ಕೋ ತಿರುಪತಿಗೋ ಮುಡಿ ಕೊಡುವ ಹರಕೆ ಹೊತ್ತ ಮನೆಗಳು ಬಹಳ. ತಂದೆ ತಾಯಿ ತೀರಿಕೊಂಡಾಗ ಕೇಶಮುಂಡನ ಮಾಡಿಸುವ ಸಂಪ್ರದಾಯವೂ ಹಲವರಲ್ಲಿದೆ. ಕಸಿಯಾದ ಕೂದಲು ನೆಲೆಗೊಂಡ ಮೇಲೆ ತಲೆ ಬೋಳಿಸಿದರೆ ಅದು ಮತ್ತೆ ಬೆಳೆಯುತ್ತದೆ, ಅದರ ಬಗ್ಗೆ ಆತಂಕ ಬೇಡ. ಆದರೆ ಬೋಳಿಸಿದ ದಿನ ಎಫ್‌ಯುಟಿಯ ಗೆರೆ ಎಲ್ಲರಿಗೂ ಕಾಣುತ್ತದೆ. ಎಫ್‌ಯುಇಯ ಗುರುತುಗಳು ಬಿಳಿ ಚುಕ್ಕೆಗಳಾಗಿ ಚದುರಿರುವುದರಿಂದ ಹತ್ತಿರ ಬಂದು ನೋಡಿದವರಿಗೆ ಮಾತ್ರ ತಿಳಿಯಬಹುದು. ಇದು ಮುಖ್ಯವೆನಿಸುವವರು ವೈದ್ಯರಿಗೆ ಮೊದಲೇ ಹೇಳಬೇಕು; ಇದು ಸಂಕೋಚಪಡುವ ವಿಷಯವಲ್ಲ.

ಎಫ್‌ಯುಇಯಲ್ಲಿ ಒಂದು ಮಿಲಿಮೀಟರಿನಷ್ಟು ಅಥವಾ ಅದಕ್ಕಿಂತ ಸಣ್ಣ ಕೊಳವೆಯಂಥ ಪಂಚಿನಿಂದ ಒಂದೊಂದೇ ಗ್ರಾಫ್ಟ್‌ನ ಸುತ್ತ ಕೊರೆದು ಎಳೆದು ತೆಗೆಯುತ್ತಾರೆ. ಅಮೆರಿಕದ ವೈದ್ಯ ರಾಸ್‌ಮನ್‌ ಮತ್ತು ಅವರ ಸಂಗಡಿಗರು 2002ರಲ್ಲಿ ಇದರ ಕುರಿತು ಬರೆದ ಮೇಲೆ ಇದು ಜಗತ್ತಿನಾದ್ಯಂತ ಹರಡಿತು. ಹೊಲಿಗೆಯಿಲ್ಲ, ಉದ್ದನೆಯ ಗೆರೆಯಿಲ್ಲ, ಏಳರಿಂದ ಹತ್ತು ದಿನಗಳಲ್ಲಿ ಹಕ್ಕಳೆ ಉದುರಿ ಕೆಲಸಕ್ಕೆ ಹೋಗಬಹುದು. ಆದರೆ ಚರ್ಮದ ಒಳಗೆ ಬೇರು ಯಾವ ಕೋನದಲ್ಲಿ ಬಾಗಿದೆ ಎಂಬುದು ಹೊರಗೆ ಕಾಣುವುದಿಲ್ಲ. ಕೊರೆಯುವವರ ಕೈ ಒಂದಿಷ್ಟು ತಪ್ಪಿದರೆ ಬೇರು ಒಳಗೇ ತುಂಡಾಗುತ್ತದೆ. ಆ ಗ್ರಾಫ್ಟ್‌ ಹಿಂದಲೆಯಿಂದಲೂ ಹೋಯಿತು, ಮುಂದೆಯೂ ಬರಲಿಲ್ಲ. ಹೀಗಾಗಿ ಇದರ ದರದಲ್ಲಿ ನೀವು ಕೊಡುವ ಹಣದ ಬಹುಪಾಲು ಕೊರೆಯುವ ಕೈಗೆ ಸಲ್ಲುತ್ತದೆ, ಮತ್ತು 30 ರೂಪಾಯಿಗೂ 45 ರೂಪಾಯಿಗೂ ಇರುವ ಅಂತರ ಬಹುತೇಕ ಆ ಕೈ ಯಾರದು ಎಂಬುದರ ಅಂತರ.

ಸಫೈರ್‌ ಎಫ್‌ಯುಇ ಎಂಬ ಹೆಸರಿನಲ್ಲಿ ಹೆಚ್ಚು ಹಣ ಕೇಳುವುದು ಈಗ ಸಾಮಾನ್ಯವಾಗಿದೆ. ಗ್ರಾಫ್ಟ್‌ ನೆಡಲು ಮುಂದಲೆಯಲ್ಲಿ ಸೀಳು ಮಾಡುವ ಬ್ಲೇಡು ಉಕ್ಕಿನ ಬದಲು ನೀಲಮಣಿಯದ್ದು ಎಂಬುದಷ್ಟೇ ಅದರ ಅರ್ಥ. ಹಿಂದಲೆಯಿಂದ ತೆಗೆಯುವ ಕೆಲಸದಲ್ಲಿ ಯಾವ ಬದಲಾವಣೆಯೂ ಇಲ್ಲ. ಅದಕ್ಕಾಗಿ ದರವನ್ನು ಕಾಲು ಭಾಗ ಏರಿಸಿದ್ದರೆ ನಾನು ಕೊಡುವುದಿಲ್ಲ.

ಡಿಎಚ್‌ಐಯಲ್ಲಿಯೂ ತೆಗೆಯುವುದು ಎಫ್‌ಯುಇ ರೀತಿಯಲ್ಲೇ. ನೆಡುವಾಗ ಮಾತ್ರ ಚೋಯ್‌ ಪೆನ್‌ ಎಂಬ ಟೊಳ್ಳು ಸೂಜಿಯ ಉಪಕರಣವನ್ನು ಬಳಸುತ್ತಾರೆ. ದಕ್ಷಿಣ ಕೊರಿಯಾದಲ್ಲಿ ಹುಟ್ಟಿದ ಈ ಪೆನ್ನು ಸೀಳು ಮಾಡುವುದನ್ನೂ ಗ್ರಾಫ್ಟ್‌ ಇಳಿಸುವುದನ್ನೂ ಒಂದೇ ಚಲನೆಯಲ್ಲಿ ಮುಗಿಸುತ್ತದೆ. ಇರುವ ಕೂದಲನ್ನು ಬೋಳಿಸದೆ ಅದರ ನಡುವೆ ನೆಡಬೇಕಾದಾಗ, ಹುಬ್ಬಿಗೆ ನೆಡಬೇಕಾದಾಗ, ಕೂದಲ ವಾಲುವಿಕೆಯನ್ನು ನಿಖರವಾಗಿ ಹಿಡಿಯಬೇಕಾದಾಗ ಇದು ನಿಜಕ್ಕೂ ಉಪಯುಕ್ತ. ಸೂಜಿಗಳು ಮೊಂಡಾಗುತ್ತಿದ್ದಂತೆ ಬದಲಾಯಿಸಬೇಕು, ಪೆನ್ನುಗಳಿಗೆ ಗ್ರಾಫ್ಟ್‌ ತುಂಬಿಕೊಡಲು ಹೆಚ್ಚುವರಿ ಸಹಾಯಕರು ಬೇಕು, ಸಮಯವೂ ಹೆಚ್ಚು. ದರ ಒಂದೂವರೆ ಎರಡು ಪಟ್ಟಾಗುವುದು ಈ ಕಾರಣಗಳಿಂದ. ಮುಂದಲೆ ಪೂರ್ತಿ ಬೋಳಾಗಿ, ಹೇಗೂ ತಲೆ ಬೋಳಿಸಿಯೇ ಶಸ್ತ್ರಚಿಕಿತ್ಸೆಗೆ ಕೂರುವವರಿಗೆ ಆ ಹೆಚ್ಚುವರಿ ಹಣದಿಂದ ಸಿಗುವ ಲಾಭ ಬಹಳ ಕಡಿಮೆ ಎಂಬುದು ನನ್ನ ಅಭಿಪ್ರಾಯ.

ರೋಬಾಟ್‌ ಬಳಸುವ ವಿಧಾನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕ್ಯಾಮೆರಾ ನೋಡಿ ಕೊರೆಯುವ ಆರ್ಟಾಸ್‌ ಯಂತ್ರಕ್ಕೆ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮತಿ ಸಿಕ್ಕಿದ್ದು 2011ರಲ್ಲಿ. ಯಂತ್ರದ ಬೆಲೆಯನ್ನೂ ಅದರ ನಿರ್ವಹಣೆಯನ್ನೂ ರೋಗಿಗಳ ಬಿಲ್ಲಿನಿಂದಲೇ ತುಂಬಿಕೊಳ್ಳಬೇಕಾದ್ದರಿಂದ ದರ ಎಲ್ಲಕ್ಕಿಂತ ಮೇಲಿರುತ್ತದೆ. ನುರಿತ ಸರ್ಜನ್ನರ ಕೈ ಸಿಗುವ ಊರಿನಲ್ಲಿ ಅದಕ್ಕಾಗಿ ಹುಡುಕಿಕೊಂಡು ಹೋಗುವ ಅಗತ್ಯ ನನಗೆ ಕಂಡಿಲ್ಲ. ಗಡ್ಡದಿಂದ ಅಥವಾ ಎದೆಯಿಂದ ತೆಗೆದು ನೆಡುವ ವಿಧಾನಕ್ಕೂ ದರ ಹೆಚ್ಚು. ಹಿಂದಲೆಯ ಸಂಗ್ರಹ ಮುಗಿದವರಿಗೆ ಗಡ್ಡದ ಕೂದಲು ಒಂದು ಆಸರೆ. ಅದು ದಪ್ಪವಾಗಿರುವುದರಿಂದ ನೆತ್ತಿಗೆ ಹೊಂದುತ್ತದೆ, ಹಣೆಯ ಅಂಚಿಗೆ ಹೊಂದುವುದಿಲ್ಲ.

ಬದುಕುಳಿದ ಗ್ರಾಫ್ಟ್‌ಗೆ ಬಿದ್ದ ಬೆಲೆ

ಈಗ ಮೇಜಿನ ಮೇಲಿದ್ದ ಪಟ್ಟಿಗಳಿಗೆ ಬರೋಣ. ಅವುಗಳಲ್ಲಿ ಯಾವುದರಲ್ಲೂ ಜಿಎಸ್‌ಟಿ ಸೇರಿರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ತೆರಿಗೆ ಪ್ರತ್ಯೇಕ ಎಂದಿತ್ತು. ವೈದ್ಯಕೀಯ ಸೇವೆಗಳಿಗೆ ಸಾಮಾನ್ಯವಾಗಿ ಜಿಎಸ್‌ಟಿ ವಿನಾಯಿತಿ ಇದ್ದರೂ ಕೂದಲು ಕಸಿಯನ್ನು ಆ ವಿನಾಯಿತಿಯಿಂದ ಹೆಸರಿಸಿಯೇ ಹೊರಗಿಟ್ಟಿದ್ದಾರೆ, ಆದ್ದರಿಂದ ಶೇ. 18 ಸೇರುತ್ತದೆ. ಸುಟ್ಟ ಗಾಯ, ಅಪಘಾತ ಅಥವಾ ಹುಟ್ಟಿನಿಂದ ಬಂದ ದೋಷವನ್ನು ಸರಿಪಡಿಸಲು ಮಾಡುವ ಕಸಿಗೆ ಮಾತ್ರ ವಿನಾಯಿತಿ ಅನ್ವಯಿಸುತ್ತದೆ; ಅಂಥವರು ಬಿಲ್ಲು ಮಾಡಿಸುವ ಮುನ್ನ ಈ ಮಾತನ್ನು ಎತ್ತಬೇಕು. ಸೌಂದರ್ಯದ ಉದ್ದೇಶದ ಶಸ್ತ್ರಚಿಕಿತ್ಸೆಯನ್ನು ಆರೋಗ್ಯ ವಿಮೆಗಳೂ ಹೊರಗಿಡುವುದರಿಂದ ಪೂರ್ತಿ ಹಣ ಕೈಯಿಂದಲೇ ಹೋಗುತ್ತದೆ.

ತೆರಿಗೆ ಸೇರಿಸಿದಾಗ ಲೆಕ್ಕ ಹೀಗಾಯಿತು. ಬೆಂಗಳೂರಿನ ಎಫ್‌ಯುಟಿಗೆ 77,000 ರೂಪಾಯಿ ಹೋಗಿ 90,860 ಆಯಿತು. ಮೈಸೂರಿನ ಅಗ್ಗದ ಎಫ್‌ಯುಇಗೆ 90,000 ಹೋಗಿ 1,06,200. ಮೈಸೂರಿನ ಇನ್ನೊಂದು ಎಫ್‌ಯುಇಗೆ 99,000 ಹೋಗಿ 1,16,820. ಡಿಎಚ್‌ಐಗೆ 1,60,000 ಹೋಗಿ 1,88,800. ಗ್ರಾಫ್ಟ್‌ ದರದಲ್ಲಿ ಎರಡು ಎಫ್‌ಯುಇಗಳ ನಡುವೆ ಒಂದೂವರೆ ಪಟ್ಟು ಅಂತರವಿದ್ದರೂ ಒಟ್ಟು ಹಣದಲ್ಲಿ ಉಳಿಯುವ ಅಂತರ 10,620 ರೂಪಾಯಿ ಮಾತ್ರ, ಏಕೆಂದರೆ ಅಗ್ಗದವರು 800 ಗ್ರಾಫ್ಟ್‌ ಹೆಚ್ಚು ಬರೆದಿದ್ದರು.

ಹಾಗಾದರೆ ಎಷ್ಟು ಗ್ರಾಫ್ಟ್‌ ಬೇಕು? ಇದನ್ನು ಮನೆಯಲ್ಲೇ ಸ್ಥೂಲವಾಗಿ ಅಳೆಯಬಹುದು. ತೆಳುವಾದ ಪಾರದರ್ಶಕ ಪ್ಲಾಸ್ಟಿಕ್‌ ಹಾಳೆಯನ್ನು ಬೋಳಾದ ಜಾಗದ ಮೇಲೆ ಹಾಸಿ, ಅಂಚನ್ನು ಮಾರ್ಕರ್‌ ಪೆನ್ನಿನಿಂದ ಗುರುತಿಸಿ, ಆ ಹಾಳೆಯನ್ನು ಶಾಲೆಯ ಗ್ರಾಫ್‌ ಕಾಗದದ ಮೇಲಿಟ್ಟು ಸೆಂಟಿಮೀಟರ್‌ ಚೌಕಗಳನ್ನು ಎಣಿಸಬೇಕು. ಅವನ ತಲೆಯಲ್ಲಿ ಹೀಗೆ ಎಣಿಸಿದಾಗ ಸುಮಾರು 52 ಚದರ ಸೆಂಟಿಮೀಟರ್‌ ಬಂತು. ಚದರ ಸೆಂಟಿಮೀಟರಿಗೆ 35ರಿಂದ 45 ಗ್ರಾಫ್ಟ್‌ ನೆಟ್ಟರೆ ನೋಡುವ ಕಣ್ಣಿಗೆ ತುಂಬಿದಂತೆ ಕಾಣುತ್ತದೆ. ಮೂಲ ದಟ್ಟಣೆ ಅದರ ಸುಮಾರು ಎರಡರಷ್ಟಿದ್ದರೂ ಅಷ್ಟು ತರಲು ಹೋಗುವುದಿಲ್ಲ. 40 ಎಂದು ಹಿಡಿದರೆ 2,080. ಅಲ್ಲಿಗೆ 2,000 ಮತ್ತು 2,200 ಎಂದವರು ತಲೆ ನೋಡಿ ಬರೆದಿದ್ದರು. 3,000 ಎಂದವರ ಲೆಕ್ಕಕ್ಕೆ ನನಗೆ ಆಧಾರ ಸಿಗಲಿಲ್ಲ.

ಇನ್ನು ನೆಟ್ಟದ್ದರಲ್ಲಿ ಎಷ್ಟು ಬದುಕುತ್ತದೆ ಎಂಬ ಪ್ರಶ್ನೆ. ಕಿತ್ತ ಗ್ರಾಫ್ಟ್‌ ಒಣಗಬಾರದು, ತಂಪಾದ ದ್ರಾವಣದಲ್ಲಿ ಮುಳುಗಿರಬೇಕು, ಹಲವು ಗಂಟೆ ಹೊರಗೆ ಕಾಯಬಾರದು, ಇಕ್ಕಳದಿಂದ ಬುಡವನ್ನು ಹಿಸುಕಬಾರದು. ಒಂದೇ ದಿನ ಮೂರು ನಾಲ್ಕು ರೋಗಿಗಳನ್ನು ಕೂರಿಸುವ ಜಾಗದಲ್ಲಿ ಇವೆಲ್ಲವೂ ಸಡಿಲಾಗುತ್ತವೆ. ಲೆಕ್ಕ ಸ್ಪಷ್ಟವಾಗಲೆಂದು, ಅವಸರದ ಜಾಗದಲ್ಲಿ 100ಕ್ಕೆ 60 ಬದುಕುತ್ತವೆ, ಎಚ್ಚರಿಕೆಯ ಜಾಗದಲ್ಲಿ 100ಕ್ಕೆ 90 ಬದುಕುತ್ತವೆ ಎಂದು ಊಹಿಸಿಕೊಳ್ಳೋಣ. 3,000ದಲ್ಲಿ 1,800 ಉಳಿದವು. 1,06,200 ರೂಪಾಯಿಯನ್ನು ಅದರಿಂದ ಭಾಗಿಸಿದರೆ ಒಂದಕ್ಕೆ 59 ರೂಪಾಯಿ. 2,200ರಲ್ಲಿ 1,980 ಉಳಿದವು. 1,16,820ನ್ನು ಭಾಗಿಸಿದರೆ ಒಂದಕ್ಕೆ ಅದೇ 59 ರೂಪಾಯಿ. ಹಣದ ಲೆಕ್ಕದಲ್ಲಿ ಎರಡೂ ಸಮ. ಆದರೆ ಮೊದಲನೆಯದರಲ್ಲಿ 1,200 ಗ್ರಾಫ್ಟ್‌ ಹಿಂದಲೆಯಿಂದ ಕಳೆದುಹೋದವು, ಎರಡನೆಯದರಲ್ಲಿ 220. ಹತ್ತು ವರ್ಷಗಳ ನಂತರ ನೆತ್ತಿ ತೆಳುವಾದಾಗ ಬೇಕಾಗುವುದು ಆ ಸಾವಿರ ಗ್ರಾಫ್ಟ್‌ಗಳೇ. "ಮಿತಿಯಿಲ್ಲದ ಗ್ರಾಫ್ಟ್‌, ಒಂದೇ ಪ್ಯಾಕೇಜ್‌" ಎಂಬ ಜಾಹೀರಾತುಗಳು ನನ್ನನ್ನು ಹೆದರಿಸುವುದು ಇದೇ ಕಾರಣಕ್ಕೆ. ಎಷ್ಟು ಬೇಕಾದರೂ ತೆಗೆಯುತ್ತೇವೆ ಎಂಬುದು ಹಿಂದಲೆಯ ಮಟ್ಟಿಗೆ ರಿಯಾಯಿತಿಯಲ್ಲ, ನಷ್ಟ.

ದರಪಟ್ಟಿಯಲ್ಲಿ ಇಲ್ಲದ ಖರ್ಚುಗಳು

ಕಸಿ ಮಾಡಿಸಿದರೂ ಸುತ್ತಲಿನ ಹಳೆಯ ಕೂದಲು ಉದುರುವುದು ನಿಲ್ಲುವುದಿಲ್ಲ. ಅದನ್ನು ತಡೆಯಲು ವೈದ್ಯರು ಮಿನಾಕ್ಸಿಡಿಲ್‌ ದ್ರಾವಣವನ್ನೂ, ಗಂಡಸರಿಗೆ ದಿನಕ್ಕೆ ಒಂದು ಮಿಲಿಗ್ರಾಂ ಫಿನಾಸ್ಟರೈಡ್‌ ಮಾತ್ರೆಯನ್ನೂ ಬರೆಯುವುದುಂಟು. ಇವೆರಡೂ ಬಳಸುವಷ್ಟು ಕಾಲ ಮಾತ್ರ ಕೆಲಸ ಮಾಡುತ್ತವೆ. ತಿಂಗಳಿಗೆ ಎಲ್ಲ ಸೇರಿ 1,000 ರೂಪಾಯಿ ಎಂದಿಟ್ಟುಕೊಂಡರೂ ಹತ್ತು ವರ್ಷಕ್ಕೆ 1,20,000 ಆಗುತ್ತದೆ, ಅಂದರೆ ಶಸ್ತ್ರಚಿಕಿತ್ಸೆಯಷ್ಟೇ ಇನ್ನೊಂದು ಖರ್ಚು. ಫಿನಾಸ್ಟರೈಡ್‌ ಕೆಲವರಲ್ಲಿ ಲೈಂಗಿಕ ಆಸಕ್ತಿಯನ್ನು ಕುಗ್ಗಿಸಬಹುದು, ಮನಸ್ಸಿನ ಮೇಲೂ ಪರಿಣಾಮ ಬೀರಬಹುದು. ಗರ್ಭಿಣಿಯರು ಅದರ ಒಡೆದ ಮಾತ್ರೆಯನ್ನು ಮುಟ್ಟಬಾರದು. ಆದ್ದರಿಂದ ಔಷಧಿ ಅಂಗಡಿಯಲ್ಲಿ ಕೇಳಿ ತರುವ ಮಾತ್ರೆಯಲ್ಲ ಅದು. ಔಷಧಿಯ ಮಾತೆತ್ತದೆ ಶಸ್ತ್ರಚಿಕಿತ್ಸೆಯ ದಿನಾಂಕ ಕೊಡುವ ಕಡೆ ನಿಮ್ಮ ಮುಂದಿನ ಹತ್ತು ವರ್ಷಗಳ ಯೋಚನೆ ನಡೆದಿಲ್ಲ ಎಂದೇ ತಿಳಿಯಬೇಕು.

ಪಿಆರ್‌ಪಿ ಎಂದರೆ ನಿಮ್ಮದೇ ರಕ್ತವನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಪ್ಲೇಟ್‌ಲೆಟ್‌ ಭಾಗವನ್ನು ತಲೆಗೆ ಚುಚ್ಚುವುದು. ಅದನ್ನು ಪ್ಯಾಕೇಜಿನಲ್ಲಿ ಉಚಿತ ಎಂದು ಸೇರಿಸಿದ್ದರೆ ಗ್ರಾಫ್ಟ್‌ ದರದಲ್ಲಿ ಅದರ ಬೆಲೆ ಅಡಗಿರುತ್ತದೆ; ಅದನ್ನು ಬಿಟ್ಟರೆ ಎಷ್ಟು ಎಂದು ಕೇಳಬಹುದು. ರಕ್ತಪರೀಕ್ಷೆ, ಔಷಧಿ, ವಿಶೇಷ ಶಾಂಪೂ, ನಂತರದ ಭೇಟಿಗಳ ಶುಲ್ಕ ಸೇರಿವೆಯೇ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಮೊದಲ ಎರಡು ವಾರ ಹೆಲ್ಮೆಟ್‌ ಹಾಕುವಂತಿಲ್ಲದ ಕಾರಣ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುವವರಿಗೆ ಬಸ್ಸು ಆಟೋ ಖರ್ಚೂ ಬರುತ್ತದೆ. ಎರಡರಿಂದ ನಾಲ್ಕು ವಾರದಲ್ಲಿ ನೆಟ್ಟ ಕೂದಲು ಉದುರಿಹೋಗುತ್ತದೆ, ಅದು ಸಹಜ. ಮೂರು ನಾಲ್ಕು ತಿಂಗಳಿಗೆ ಹೊಸ ಕೂದಲು ಮೂಡಲು ಶುರುವಾಗಿ, ಪೂರ್ತಿ ಫಲ ಕಾಣಲು ವರ್ಷ ಬೇಕು. ಮದುವೆ ನಿಶ್ಚಯವಾಗಿ ಎರಡು ತಿಂಗಳಿದೆ ಎಂದು ಓಡಿ ಬರುವವರಿಗೆ ಯಾವ ವಿಧಾನದಿಂದಲೂ ಆ ಮುಹೂರ್ತಕ್ಕೆ ಕೂದಲು ಬರುವುದಿಲ್ಲ.

ಕಂತಿನ ಸಾಲದ ಬಗ್ಗೆಯೂ ಒಂದು ಮಾತು. ಬಡ್ಡಿಯಿಲ್ಲದ ಇಎಂಐ ಎಂದು ಹೇಳಿದಾಗ, ಪೂರ್ತಿ ನಗದು ಕೊಟ್ಟರೆ ಎಷ್ಟು ಕಡಿಮೆ ಮಾಡುತ್ತೀರಿ ಎಂದು ಕೇಳಿದರೆ ಬಡ್ಡಿ ಎಲ್ಲಿದೆ ಎಂಬುದು ತಿಳಿಯುತ್ತದೆ. ಒಪ್ಪಂದ ಆಗುವುದು ಸಾಲ ಕೊಡುವ ಸಂಸ್ಥೆಯ ಜೊತೆ. ಮನಸ್ಸು ಬದಲಾಯಿಸಿ ಶಸ್ತ್ರಚಿಕಿತ್ಸೆ ಬೇಡವೆಂದರೆ ಕಂತಿನ ಗತಿ ಏನು ಎಂಬುದನ್ನು ಸಹಿ ಹಾಕುವ ಮುನ್ನ ಓದಬೇಕು. ಬೋಳಿನ ಮೇಲೆ ಅಂಟಿಸಿಕೊಳ್ಳುವ ಕೂದಲಿನ ಹೊದಿಕೆ, ಅಂದರೆ ಹೇರ್‌ ಪ್ಯಾಚ್‌ ಅಗ್ಗ ಎನ್ನುವವರಿದ್ದಾರೆ. ವರ್ಷಕ್ಕೊಂದು ಪ್ಯಾಚ್‌ 15,000 ಎಂದಿಟ್ಟುಕೊಂಡರೂ ಹತ್ತು ವರ್ಷಕ್ಕೆ 1,50,000, ಕೆಲವು ವಾರಗಳಿಗೊಮ್ಮೆ ಅಂಟಿಸಿಕೊಳ್ಳುವ ಖರ್ಚು ಬೇರೆ. ಆದರೂ ಹಿಂದಲೆಯ ಸಂಗ್ರಹ ಸಾಲದವರಿಗೆ, ಶಸ್ತ್ರಚಿಕಿತ್ಸೆಗೆ ದೇಹಸ್ಥಿತಿ ಒಪ್ಪದವರಿಗೆ ಅದು ಗೌರವದ ಆಯ್ಕೆಯೇ.

ಯಾರ ಕೈಗೆ ತಲೆ ಒಪ್ಪಿಸಬೇಕು

ಆರರಿಂದ ಎಂಟು ಗಂಟೆ ನಡೆಯುವ ಈ ಶಸ್ತ್ರಚಿಕಿತ್ಸೆಯಲ್ಲಿ ತಲೆಯನ್ನು ಮರಗಟ್ಟಿಸಲು ಚುಚ್ಚುಮದ್ದನ್ನು ಹಲವು ಸಲ ಕೊಡುತ್ತಾರೆ. ಆ ಔಷಧಿಗೆ ದೇಹದ ತೂಕಕ್ಕೆ ತಕ್ಕ ಮಿತಿಯಿದೆ. ಮಿತಿ ಮೀರಿದರೆ ಹೃದಯಕ್ಕೂ ಮಿದುಳಿಗೂ ಅಪಾಯ. ಅಲರ್ಜಿಯಾದರೆ ನಿಮಿಷಗಳಲ್ಲಿ ಚಿಕಿತ್ಸೆ ಸಿಗಬೇಕು. ದೇಶದಲ್ಲಿ ಕೂದಲು ಕಸಿಯ ನಂತರ ಸಾವುಗಳು ಸಂಭವಿಸಿವೆ. ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರ ಸೆಪ್ಟೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿ, ಚರ್ಮರೋಗ ಅಥವಾ ಪ್ಲಾಸ್ಟಿಕ್‌ ಸರ್ಜರಿಯಲ್ಲಿ ತರಬೇತಿ ಪಡೆದ ವೈದ್ಯರೇ ಈ ಶಸ್ತ್ರಚಿಕಿತ್ಸೆಯ ಹೊಣೆ ಹೊರಬೇಕು, ತಂತ್ರಜ್ಞರು ಅವರ ಮೇಲ್ವಿಚಾರಣೆಯಲ್ಲಿ ಸಹಾಯ ಮಾಡಬಹುದು ಎಂಬ ನಿಲುವನ್ನು ಸ್ಪಷ್ಟಪಡಿಸಿತು. ನಮ್ಮ ರಾಜ್ಯದಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ (ಕೆಪಿಎಂಇ), 2007ರ ಪ್ರಕಾರ ಕ್ಲಿನಿಕ್‌ಗೆ ನೋಂದಣಿ ಇರಲೇಬೇಕು. ಕೆಪಿಎಂಇ ನೋಂದಣಿ ಸಂಖ್ಯೆ ಎಲ್ಲಿ ಹಾಕಿದ್ದೀರಿ ಎಂದು ಕೇಳುವ ಹಕ್ಕು ನಿಮ್ಮದು. ಬ್ಯೂಟಿ ಪಾರ್ಲರಿನ ಮಹಡಿಯಲ್ಲಿ, ಆಮ್ಲಜನಕವೂ ತುರ್ತು ಔಷಧಿಯೂ ಇಲ್ಲದ ಕೋಣೆಯಲ್ಲಿ ಎಷ್ಟು ಅಗ್ಗವಾದರೂ ಕೂರಬಾರದು.

ಕೊರೆಯುವವರು ಯಾರು, ಸೀಳು ಮಾಡುವವರು ಯಾರು, ವೈದ್ಯರು ಎಷ್ಟು ಹೊತ್ತು ಕೋಣೆಯಲ್ಲಿರುತ್ತಾರೆ, ಆ ದಿನ ಬೇರೆ ಎಷ್ಟು ರೋಗಿಗಳಿದ್ದಾರೆ ಎಂಬ ಪ್ರಶ್ನೆಗಳನ್ನು ಅಕ್ಕನ ಮಗ ನಾಲ್ಕೂ ಕಡೆ ಮತ್ತೆ ಫೋನ್‌ ಮಾಡಿ ಕೇಳಿದ. ಅಗ್ಗದ ಕಡೆ ಉತ್ತರ ಕೊಟ್ಟವರು ವೈದ್ಯರಲ್ಲ, ಮಾರಾಟ ವಿಭಾಗದವರು. ಈ ವಾರ ಮುಂಗಡ ಕಟ್ಟಿದರೆ 10,000 ಕಡಿತ ಎಂದರು. 45 ರೂಪಾಯಿ ಹೇಳಿದ ಕಡೆ ವೈದ್ಯರೇ ಮಾತಾಡಿ, ದಿನಕ್ಕೆ ಒಬ್ಬರನ್ನೇ ತೆಗೆದುಕೊಳ್ಳುತ್ತೇನೆ, ಕೊರೆಯುವುದು ನಾನೇ, ನೆಡುವಾಗ ಇಬ್ಬರು ಸಹಾಯಕರಿರುತ್ತಾರೆ ಎಂದರು.

ಎಲ್ಲಕ್ಕೂ ಮೊದಲು ಕೂದಲು ಏಕೆ ಉದುರುತ್ತಿದೆ ಎಂಬುದು ತಿಳಿದಿರಬೇಕು. ಥೈರಾಯ್ಡ್‌ ತೊಂದರೆ, ಕಬ್ಬಿಣದ ಕೊರತೆ, ಕೂದಲು ಬಿಲ್ಲೆ ಬಿಲ್ಲೆಯಾಗಿ ಉದುರುವ ಅಲೋಪೇಶಿಯಾ ಏರಿಯೇಟಾ, ತಲೆಚರ್ಮದ ಉರಿಯೂತ ಇವುಗಳಿಗೆ ಕಸಿ ಪರಿಹಾರವಲ್ಲ. ಹೆಂಗಸರಲ್ಲಿ ಕೂದಲು ಹಿಂದಲೆ ಸೇರಿ ಎಲ್ಲೆಡೆ ತೆಳುವಾಗುವುದುಂಟು. ಆಗ ತೆಗೆಯುವ ಜಾಗವೇ ಗಟ್ಟಿಯಿಲ್ಲ. ಕಸಿ ಮಾರುವ ಜಾಗಕ್ಕೆ ಹೋಗುವ ಮುನ್ನ ಮೈಸೂರಿನ ಕೆ.ಆರ್‌. ಆಸ್ಪತ್ರೆಯ ಅಥವಾ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಮಿಮ್ಸ್‌ನ ಚರ್ಮರೋಗ ವಿಭಾಗದಲ್ಲಿ ತೋರಿಸಿದರೆ, ಯಾವುದನ್ನೂ ಮಾರಬೇಕಿಲ್ಲದ ವೈದ್ಯರ ಅಭಿಪ್ರಾಯ ಅತಿ ಕಡಿಮೆ ಖರ್ಚಿನಲ್ಲಿ ಸಿಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ರಕ್ತ ತೆಳುವಾಗಿಸುವ ಮಾತ್ರೆ ಇರುವವರು ಅದನ್ನು ಮುಚ್ಚಿಡಬಾರದು.

ಯಾರಿಗೆ ಯಾವುದು ಎಂದು ಕೇಳಿದರೆ ನನ್ನ ಉತ್ತರ ಹೀಗಿದೆ. ಮುಂದಲೆ ಮಾತ್ರ ಹೋಗಿ, ಕೂದಲು ಸಣ್ಣಗೆ ಕತ್ತರಿಸಿಕೊಳ್ಳುವ ಅಭ್ಯಾಸವಿದ್ದು, ಬೇಗ ಕೆಲಸಕ್ಕೆ ಮರಳಬೇಕಾದವರಿಗೆ ಒಳ್ಳೆಯ ಕೈಯ ಸಾದಾ ಎಫ್‌ಯುಇ ಸಾಕು. ನೆತ್ತಿ ಮುಂದಲೆ ಎರಡೂ ಹೋಗಿ 4,000ದ ಹತ್ತಿರ ಗ್ರಾಫ್ಟ್‌ ಬೇಕಾದವರು, ಹಿಂದೆ ಕೂದಲು ಉದ್ದ ಬಿಡುವವರಾದರೆ ಎಫ್‌ಯುಟಿಯನ್ನು ಹಳೆಯದೆಂದು ತಳ್ಳಿಹಾಕಬಾರದು. ಮೊದಲು ಎಫ್‌ಯುಟಿ, ಕೆಲವು ವರ್ಷಗಳ ನಂತರ ಅಗತ್ಯಬಿದ್ದರೆ ಎಫ್‌ಯುಇ ಎಂಬ ಕ್ರಮದಲ್ಲಿ ಹಿಂದಲೆಯಿಂದ ಹೆಚ್ಚು ಗ್ರಾಫ್ಟ್‌ ಪಡೆಯಬಹುದು, ಖರ್ಚೂ ಇಳಿಯುತ್ತದೆ. ಹುಬ್ಬು, ಹೆಂಗಸರ ಹಣೆಯ ಅಂಚು, ಬೋಳಿಸದೆ ನೆಡಬೇಕಾದ ಸಂದರ್ಭಗಳಿಗೆ ಡಿಎಚ್‌ಐಯ ಹೆಚ್ಚುವರಿ ಹಣ ಸಾರ್ಥಕ. 25 ದಾಟದವರಿಗೆ ಬೋಳು ಎಲ್ಲಿಯವರೆಗೆ ಹೋಗಿ ನಿಲ್ಲುತ್ತದೆಂದು ಯಾರೂ ಹೇಳಲಾರದ ಕಾರಣ, ಔಷಧಿ ಬಳಸಿ ಕಾಯುವುದೇ ಅತ್ಯಂತ ಅಗ್ಗದ ದಾರಿ.

ಮೈಸೂರೋ ಬೆಂಗಳೂರೋ ಎಂಬುದು ಅಷ್ಟು ದೊಡ್ಡ ಪ್ರಶ್ನೆಯಲ್ಲ. ಬೆಳಗಿನ ರೈಲು ಹಿಡಿದರೆ ಹೋಗಿಬರಬಹುದು. ಆದರೆ ಮಾರನೆಯ ದಿನದ ತಲೆ ತೊಳೆಯುವಿಕೆ, ಹತ್ತನೆಯ ದಿನದ ತಪಾಸಣೆ, ಸೋಂಕಾದರೆ ಓಡಬೇಕಾದ ದಾರಿ ಇವನ್ನೆಲ್ಲ ಸೇರಿಸಿದಾಗ, ಸಮನಾದ ಕೈ ಹತ್ತಿರದಲ್ಲೇ ಇದ್ದರೆ ಹತ್ತಿರದ್ದೇ ಲೇಸು.

ಅವನು ಕೊನೆಗೆ ಮಿಮ್ಸ್‌ನಲ್ಲಿ ತೋರಿಸಿ, ವೈದ್ಯರ ಸಲಹೆಯಂತೆ ಒಂದು ವರ್ಷ ಔಷಧಿ ಬಳಸಲು ಒಪ್ಪಿದ. ತಿಂಗಳಿಗೊಮ್ಮೆ ಒಂದೇ ಕಿಟಕಿಯ ಬೆಳಕಿನಲ್ಲಿ ಹಣೆ, ನೆತ್ತಿ, ಹಿಂದಲೆಯ ಫೋಟೊ ತೆಗೆದಿಡುತ್ತಿದ್ದಾನೆ. ವರ್ಷ ಮುಗಿದ ಮೇಲೆ ಉಳಿದ ಬೋಳನ್ನು ಅದೇ ಪ್ಲಾಸ್ಟಿಕ್‌ ಹಾಳೆಯಿಂದ ಮತ್ತೆ ಅಳೆದು, ದಿನಕ್ಕೆ ಒಬ್ಬರನ್ನೇ ಕೂರಿಸುವ ಆ ವೈದ್ಯರ ಬಳಿ ಎಫ್‌ಯುಇಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಅದಕ್ಕಾಗಿ ತಿಂಗಳಿಗೆ 10,000 ರೂಪಾಯಿಯಂತೆ ಅಂಚೆ ಕಚೇರಿಯಲ್ಲಿ ಆರ್‌.ಡಿ. ಕಟ್ಟುತ್ತಿದ್ದಾನೆ.